ಆಚೆ ದಡದಲ್ಲಿ ಯಾರಿದ್ದಾರೆ?

ಆಗಸ್ಟ್ ತಿಂಗಳ ಯಾವುದಾದರೂ ರಾತ್ರಿ ದೇವನಹಳ್ಳಿಯ ವಿಮಾನ ನಿಲ್ದಾಣದ ಮುಂದೆ ಒಂದು ಗಂಟೆ ನಿಂತರೆ ಕರ್ನಾಟಕದ ಅರ್ಧ ಜಿಲ್ಲೆಗಳ ಮಾತು ಕಿವಿಗೆ ಬೀಳುತ್ತದೆ. ಹೊರಡುವವನು ಒಬ್ಬ, ಕಳಿಸಲು ಬಂದವರು ಒಂದು ಟೆಂಪೊ ಟ್ರಾವೆಲರ್ ತುಂಬ. ಅಜ್ಜಿ ಕಟ್ಟಿದ ಕೈದಾರ, ಅಮ್ಮ ಕೊನೆ ಗಳಿಗೆಯಲ್ಲಿ ತುರುಕಿದ ಚಟ್ನಿಪುಡಿ, 23 ಕಿಲೋ ದಾಟಿದ ಸೂಟ್‌ಕೇಸನ್ನು ಅಲ್ಲೇ ಬಿಚ್ಚಿ ಕುಕ್ಕರ್ ತೆಗೆಯೋಣವೋ ಜರ್ಕಿನ್ ತೆಗೆಯೋಣವೋ ಎಂಬ ಗಲಾಟೆ. ಕಳಿಸಿಕೊಡುವ ಕೆಲಸವನ್ನು ನಮ್ಮವರು ಮನಸಾರೆ ಮಾಡುತ್ತಾರೆ. ಆ ಕಡೆ ಇಳಿದಾಗ ಎದುರುಗೊಳ್ಳುವವರು ಯಾರು ಎಂಬ ವಿಚಾರ ಮಾತ್ರ ಸಾಮಾನ್ಯವಾಗಿ ಕೊನೆಗೆ ಉಳಿಯುತ್ತದೆ. ಓದಲೆಂದು ಸಮುದ್ರ ದಾಟಿದವರ ಸುಮಾರು ನೂರ ನಲವತ್ತು ವರ್ಷಗಳ ಕಥೆ ತೆಗೆದು ನೋಡಿದರೆ, ಅಂಕಪಟ್ಟಿ, ವಿದ್ಯಾರ್ಥಿವೇತನಗಳಷ್ಟೇ ಮುಖ್ಯವಾಗಿ ಕಾಣುವುದು ಆಚೆ ದಡದಲ್ಲಿ ಕಾದು ನಿಂತಿದ್ದ ಆ ಒಬ್ಬ ಮನುಷ್ಯ.

ಆನಂದಿಬಾಯಿ ಜೋಶಿಯವರ ಕಥೆ ಬಹಳ ಮಂದಿಗೆ ಗೊತ್ತು. 1883ರ ಏಪ್ರಿಲ್ 7ರಂದು ಕಲ್ಕತ್ತೆಯಲ್ಲಿ ಹಡಗು ಹತ್ತಿದಾಗ ಅವರಿಗೆ ಆಗಷ್ಟೇ ಹದಿನೆಂಟು ತುಂಬಿತ್ತು. ಗಂಡ ಗೋಪಾಲರಾಯರು ಜೊತೆಗೆ ಹೊರಟಿರಲಿಲ್ಲ. ವೈದ್ಯಶಾಸ್ತ್ರ ಓದುವ ಹಟದ ಬಗ್ಗೆ, ಗೋಪಾಲರಾಯರ ಬಗ್ಗೆ ನಾಟಕ, ಸಿನಿಮಾ, ಕಾದಂಬರಿಗಳು ಬಂದಿವೆ. ಆದರೆ ನ್ಯೂಜೆರ್ಸಿಯ ರೊಸೆಲ್ ಎಂಬ ಊರಿನ ಥಿಯೋಡಿಸಿಯಾ ಕಾರ್ಪೆಂಟರ್ ಎಂಬ ಗೃಹಿಣಿ ಇಲ್ಲದಿದ್ದರೆ ಆ ಪಯಣವೇ ಸಾಧ್ಯವಿರಲಿಲ್ಲ. ಹೆಂಡತಿಯನ್ನು ಓದಿಸಬೇಕೆಂದು ಗೋಪಾಲರಾಯರು ಒಬ್ಬ ಮಿಷನರಿಗೆ ಬರೆದ ಪತ್ರ 1880ರಲ್ಲಿ ಅಮೆರಿಕದ ಒಂದು ಮಿಷನರಿ ಪತ್ರಿಕೆಯಲ್ಲಿ ಅಚ್ಚಾಗಿತ್ತು. ದಂತವೈದ್ಯರ ಬಳಿ ಸರದಿಗಾಗಿ ಕಾಯುತ್ತಿದ್ದಾಗ ಕಾರ್ಪೆಂಟರ್ ಅವರ ಕಣ್ಣಿಗೆ ಅದು ಬಿತ್ತು. ಗುರುತು ಪರಿಚಯವಿಲ್ಲದ ಆ ಹುಡುಗಿಗೆ ಆಕೆ ಕಾಗದ ಬರೆದರು. ಮೂರು ವರ್ಷ ಕಾಗದಗಳು ಓಡಾಡಿದವು, ಆನಂದಿಬಾಯಿ ಅವರನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವಷ್ಟು ಹತ್ತಿರವಾದರು. ಜೂನ್ 4ರಂದು ನ್ಯೂಯಾರ್ಕಿನಲ್ಲಿ ಇಳಿದಾಗ ಎದುರುಗೊಂಡವರು ಅದೇ ಕಾರ್ಪೆಂಟರ್. ಮೊದಲ ಬೇಸಿಗೆ ಕಳೆದದ್ದು ಅವರ ಮನೆಯಲ್ಲೇ. 1886ರಲ್ಲಿ ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದು, ಮರುವರ್ಷವೇ ಪುಣೆಯಲ್ಲಿ ತೀರಿಕೊಂಡ ಆನಂದಿಬಾಯಿಯವರ ಚಿತಾಭಸ್ಮ ಇವತ್ತಿಗೂ ನ್ಯೂಯಾರ್ಕ್ ರಾಜ್ಯದ ಪೊಕೀಪ್ಸಿಯಲ್ಲಿ, ಕಾರ್ಪೆಂಟರ್ ಕುಟುಂಬದ ಸಮಾಧಿಗಳ ನಡುವೆ ಇದೆ. ಎದುರುಗೊಳ್ಳುವುದು ಎಂದರೆ ಎಷ್ಟು ದೂರದವರೆಗೆ ಹೋಗಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಸಿಗುವುದು ಕಷ್ಟ.

ಐದು ವರ್ಷದ ನಂತರ, 1888ರಲ್ಲಿ, ಗಾಂಧೀಜಿ ಲಂಡನ್ ತಲುಪಿದರು. ಹಡಗಿನಲ್ಲಿ ಕಪ್ಪು ಸೂಟು ತೊಟ್ಟಿದ್ದ, ಹತ್ತೊಂಬತ್ತರ ಹೊಸ್ತಿಲಲ್ಲಿದ್ದ ಯುವಕ ಇಳಿಯುವ ಹೊತ್ತಿಗೆಂದೇ ಬಿಳಿ ಫ್ಲಾನೆಲ್ ಬಟ್ಟೆ ಎತ್ತಿಟ್ಟುಕೊಂಡಿದ್ದರು. ಇಳಿದು ನೋಡಿದರೆ ಚಳಿಗಾಲ ಹತ್ತಿರವಾದ ಆ ಊರಿನಲ್ಲಿ ಬಿಳಿ ಬಟ್ಟೆಯವರು ತಾವೊಬ್ಬರೇ. ಸಾಮಾನಿನ ಪೆಟ್ಟಿಗೆಗಳು ಏಜೆಂಟರ ವಶದಲ್ಲಿದ್ದವು, ಮರುದಿನ ಭಾನುವಾರ, ಹಾಗಾಗಿ ಸೋಮವಾರದವರೆಗೆ ಬಟ್ಟೆ ಬದಲಿಸುವಂತಿಲ್ಲ. ಆ ಸಂಜೆ ವಿಕ್ಟೋರಿಯಾ ಹೋಟೆಲಿಗೆ ಬಂದವರು ಡಾ. ಪ್ರಾಣಜೀವನ ಮೆಹ್ತಾ. ಅವರ ರೇಷ್ಮೆ ಟೋಪಿಯನ್ನು ಗಾಂಧಿ ಕುತೂಹಲದಿಂದ ಸವರಿ ಅದರ ನವಿರು ಕೆಡಿಸಿದರಂತೆ. ಮೆಹ್ತಾ ಅಲ್ಲೇ ಮೊದಲ ಪಾಠ ಹೇಳಿದರು: ಇನ್ನೊಬ್ಬರ ವಸ್ತು ಮುಟ್ಟಬೇಡ, ಮೊದಲ ಭೇಟಿಯಲ್ಲೇ ಪ್ರಶ್ನೆ ಕೇಳಬೇಡ, ಏರುದನಿಯಲ್ಲಿ ಮಾತಾಡಬೇಡ, ಹೋಟೆಲಿನಲ್ಲಿ ದುಡ್ಡು ಸುರಿಯಬೇಡ. ಆತ್ಮಕಥೆಯಲ್ಲಿ ಗಾಂಧೀಜಿ ಇದನ್ನು ಮರೆಯದೆ ಬರೆದಿದ್ದಾರೆ. ಯಾವ ಮಾರ್ಗದರ್ಶಿ ಪುಸ್ತಕವೂ ಕೊಡಲಾರದ ಪಾಠಗಳಿವು, ಮೊದಲೇ ಬಂದು ನೆಲೆನಿಂತ ಒಬ್ಬರು ಎದುರು ಕೂತು ಹೇಳಬೇಕು.

ಈ ಮಾತನ್ನು ಅತ್ಯಂತ ಸ್ಪಷ್ಟವಾಗಿ ತೋರಿಸುವುದು ಶ್ರೀನಿವಾಸ ರಾಮಾನುಜನ್ ಅವರ ಪ್ರಯಾಣ. 1914ರ ಆರಂಭದಲ್ಲಿ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನ ಯುವ ಗಣಿತಜ್ಞ ಇ. ಎಚ್. ನೆವಿಲ್ ಉಪನ್ಯಾಸಕ್ಕೆಂದು ಮದರಾಸಿಗೆ ಬಂದಿದ್ದರು. ಅಲ್ಲಿನ ಇನ್ನೊಬ್ಬ ಗಣಿತಜ್ಞ ಜಿ. ಎಚ್. ಹಾರ್ಡಿ ನೆವಿಲ್ ಕೈಯಲ್ಲಿ ಒಂದು ಕೆಲಸ ಕೊಟ್ಟು ಕಳಿಸಿದ್ದರು: ಹೇಗಾದರೂ ರಾಮಾನುಜನ್‌ರನ್ನು ಒಪ್ಪಿಸಿ ಇಂಗ್ಲೆಂಡಿಗೆ ಕರೆತರುವುದು. ಮದರಾಸು ವಿಶ್ವವಿದ್ಯಾಲಯ ವರ್ಷಕ್ಕೆ 250 ಪೌಂಡ್ ವೇತನ, ಜೊತೆಗೆ ಪ್ರಯಾಣದ ಖರ್ಚು, ಬಟ್ಟೆಬರೆಯ ಖರ್ಚು ಕೊಟ್ಟಿತು. ರಾಮಾನುಜನ್ ಅದರಲ್ಲಿ ತಿಂಗಳಿಗೆ 60 ರೂಪಾಯಿ ಕುಂಭಕೋಣದ ತಾಯಿಯ ಮನೆಗೆ ಹೋಗುವಂತೆ ಏರ್ಪಾಡು ಮಾಡಿಕೊಂಡರು. ಹೊರಡುವ ಮುಂಚೆ ತಾಯಿ, ಹೆಂಡತಿಯನ್ನು ಊರಿಗೆ ಕಳಿಸಿ, ಆಮೇಲೆ ಜುಟ್ಟು ಕತ್ತರಿಸಿಕೊಂಡರು. ಬೂಟು, ಕಾಲರು, ಚಮಚ, ಮುಳ್ಳುಚಮಚ ಎಲ್ಲದರ ಅಭ್ಯಾಸ ಕೆಲವೇ ದಿನಗಳಲ್ಲಿ ನಡೆಯಿತು. ಮಾರ್ಚ್ 17ರಂದು ನೆವಾಸಾ ಎಂಬ ಹೊಸ ಹಡಗು ಮದರಾಸು ಬಿಟ್ಟಿತು. ಶುರುವಿನಲ್ಲಿ ಹೊಟ್ಟೆ ತೊಳಸಿ ಊಟವೇ ಸೇರಲಿಲ್ಲ, ಆಮೇಲೆ ಸಮುದ್ರ ಒಗ್ಗಿತು. ಸುಯೆಜ್ ಮುಟ್ಟುವ ಹೊತ್ತಿಗೆ ಗೆಳೆಯರಿಗೆ ಕಾಗದ ಬರೆಯುವಷ್ಟು ಚೇತರಿಸಿಕೊಂಡಿದ್ದರು.

ಏಪ್ರಿಲ್ 14ರಂದು ಲಂಡನ್ನಿನಲ್ಲಿ ಇಳಿದಾಗ ನೆವಿಲ್ ತಮ್ಮ ಅಣ್ಣನೊಂದಿಗೆ ಕಾರು ತಂದು ಕಾಯುತ್ತಿದ್ದರು. ನೇರವಾಗಿ ಸೌತ್ ಕೆನ್ಸಿಂಗ್ಟನ್‌ನ 21, ಕ್ರಾಮ್‌ವೆಲ್ ರಸ್ತೆಗೆ ಕರೆದೊಯ್ದರು. ಆ ಮನೆ ಹೊಸದಾಗಿ ಬರುವ ಭಾರತೀಯ ವಿದ್ಯಾರ್ಥಿಗಳು ತಂಗಲೆಂದೇ ಇದ್ದದ್ದು. ನಾಲ್ಕು ದಿನದ ನಂತರ ಕೇಂಬ್ರಿಜ್‌ಗೆ, ಅಲ್ಲೂ ಕಾಲೇಜಿನ ಕೋಣೆಗಲ್ಲ, ಚೆಸ್ಟರ್ಟನ್ ರಸ್ತೆಯ ನೆವಿಲ್ ದಂಪತಿಗಳ ಸ್ವಂತ ಮನೆಗೆ. ಸುಮಾರು ಎರಡು ತಿಂಗಳು ಆ ಮನೆಯಲ್ಲೇ ಇಟ್ಟುಕೊಂಡರು. ನಂತರವಷ್ಟೇ ಟ್ರಿನಿಟಿಯ ವ್ಹೀವೆಲ್ಸ್ ಕೋರ್ಟ್‌ನ ಕೋಣೆಗೆ ರಾಮಾನುಜನ್ ಹೋದದ್ದು.

ಇಷ್ಟೆಲ್ಲ ಆರೈಕೆಯ ನಡುವೆಯೂ ಒಂದು ಸಂಗತಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅದನ್ನು ಕಂಡುಹಿಡಿದವರು ಆಗ ಕಿಂಗ್ಸ್ ಕಾಲೇಜಿನಲ್ಲಿ ಓದುತ್ತಿದ್ದ ಪಿ. ಸಿ. ಮಹಾಲನೋಬಿಸ್. ಮುಂದೆ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಕಟ್ಟಿದವರು ಅವರೇ. ಒಂದು ದಿನ ರಾಮಾನುಜನ್ ಕೋಣೆಗೆ ಹೋದಾಗ ಅವರು ಬೆಂಕಿಯ ಪಕ್ಕಕ್ಕೆ ಒತ್ತಿಕೊಂಡು ಕೂತಿದ್ದರು. ರಾತ್ರಿ ಬೆಚ್ಚಗೆ ನಿದ್ದೆ ಬರುತ್ತದೆಯೇ ಎಂದು ಕೇಳಿದರೆ, ಓವರ್‌ಕೋಟ್ ಹಾಕಿ ಮೇಲೆ ಶಾಲು ಹೊದ್ದು ಮಲಗುತ್ತೇನೆ, ಆದರೂ ಚಳಿ ಎಂಬ ಉತ್ತರ ಬಂತು. ಕಂಬಳಿ ಸಾಲದೇನೋ ಎಂದು ಮಹಾಲನೋಬಿಸ್ ಮಲಗುವ ಕೋಣೆಗೆ ಹೋಗಿ ನೋಡಿದರು. ಮಂಚದ ಮೇಲೆ ಕಂಬಳಿಗಳು ಬೇಕಾದಷ್ಟಿದ್ದವು, ಅಂಚುಗಳನ್ನು ಹಾಸಿಗೆಯಡಿ ಬಿಗಿಯಾಗಿ ಮಡಿಚಿ ಮೇಲೊಂದು ಹೊದಿಕೆ ಹಾಸಿತ್ತು. ಆ ಪದರಗಳನ್ನು ಎತ್ತಿ ಒಳಗೆ ನುಸುಳಿ ಮಲಗಬೇಕು ಎಂಬುದು ರಾಮಾನುಜನ್‌ಗೆ ಗೊತ್ತೇ ಇರಲಿಲ್ಲ. ಅಷ್ಟೂ ಕಂಬಳಿಗಳ ಮೇಲೆ ಅವರು ಮಲಗುತ್ತಿದ್ದರು. ಮಹಾಲನೋಬಿಸ್ ಕಂಬಳಿ ಎತ್ತಿ ತೋರಿಸಿಕೊಟ್ಟರು.

ಕೇಳುವುದಕ್ಕೆ ಸಣ್ಣದು. ಆದರೆ ಎದುರುಗೊಳ್ಳುವ ಕೆಲಸದ ಒಳಗುಟ್ಟೆಲ್ಲ ಇದರಲ್ಲಿದೆ. ಹೊಸಬನಿಗೆ ಏನು ಗೊತ್ತಿಲ್ಲ ಎಂಬುದು ಆತಿಥೇಯರಿಗೆ ಹೊಳೆಯುವುದಿಲ್ಲ, ಏಕೆಂದರೆ ಅವರ ಪಾಲಿಗೆ ಅದು ಉಸಿರಾಟದಷ್ಟು ಸಹಜ. ಹೊಸಬನೂ ಕೇಳುವುದಿಲ್ಲ. ಕೇಳಬೇಕಾದ ಪ್ರಶ್ನೆಯೊಂದಿದೆ ಎಂದೇ ಅವನಿಗೆ ತಿಳಿದಿರುವುದಿಲ್ಲ. ಎರಡೂ ಕಡೆಯ ಬದುಕು ಗೊತ್ತಿರುವ, ಒಂದು ವರ್ಷ ಮೊದಲು ಬಂದ ಹಿರಿಯ ವಿದ್ಯಾರ್ಥಿಗಷ್ಟೇ ಅದು ಕಾಣುತ್ತದೆ. ನೆವಿಲ್ ಅವರ ಪ್ರೀತಿಗೆ ಸಾಧ್ಯವಾಗದ್ದು ಮಹಾಲನೋಬಿಸ್ ಅವರ ಒಂದು ಪ್ರಶ್ನೆಗೆ ಸಾಧ್ಯವಾಯಿತು.

ಅಂಬೇಡ್ಕರ್ ವಿಚಾರದಲ್ಲಿಯೂ ಹೀಗೆಯೇ. 1913ರ ಜುಲೈನಲ್ಲಿ ಬರೋಡದ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದ ಮೇಲೆ, ತಿಂಗಳಿಗೆ ಹನ್ನೊಂದೂವರೆ ಪೌಂಡ್‌ನಲ್ಲಿ, ಅವರು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಬಂದರು. ಹಾರ್ಟ್ಲಿ ಹಾಲ್‌ನ ಊಟ ಹಿಡಿಸದೆ ಕಾಸ್ಮೊಪಾಲಿಟನ್ ಕ್ಲಬ್‌ಗೆ, ಅಲ್ಲಿಂದ ಲಿವಿಂಗ್‌ಸ್ಟನ್ ಹಾಲ್‌ಗೆ ಬಿಡಾರ ಬದಲಿಸಿದರು. ಅಲ್ಲಿ ಕೋಣೆ ಹಂಚಿಕೊಂಡ ಪಾರ್ಸಿ ಗೆಳೆಯ ನವಲ್ ಭಥೇನಾ ಅವರ ಸ್ನೇಹ ಜೀವನವಿಡೀ ಉಳಿಯಿತು. 1920ರಲ್ಲಿ ಓದು ಮುಗಿಸಲು ಮತ್ತೆ ಲಂಡನ್‌ಗೆ ಹೊರಟಾಗ ಅಂಬೇಡ್ಕರ್‌ಗೆ ಸಾಲ ಕೊಟ್ಟವರಲ್ಲಿ ಭಥೇನಾ ಕೂಡ ಒಬ್ಬರು.

ಕಾಯುವವರು ಯಾರೂ ಇಲ್ಲದಿದ್ದರೆ? 1909ರಲ್ಲಿ ಇದೇ ಕೊಲಂಬಿಯಾದ ಗ್ರಂಥಾಲಯದ ಮೆಟ್ಟಿಲ ಮೇಲೆ ವೈಎಂಸಿಎಯ ಹ್ಯಾರಿ ಎಡ್ಮಂಡ್ಸ್ ಎಂಬವರು ಎದುರಿಗೆ ಸಿಕ್ಕ ಒಬ್ಬ ಚೀನೀ ವಿದ್ಯಾರ್ಥಿಗೆ ಗುಡ್ ಮಾರ್ನಿಂಗ್ ಎಂದರು. ಹುಡುಗ ನಿಂತು, ನಾನು ನ್ಯೂಯಾರ್ಕಿಗೆ ಬಂದು ಮೂರು ವಾರವಾಯಿತು, ನನ್ನನ್ನು ಮಾತಾಡಿಸಿದವರಲ್ಲಿ ನೀವೇ ಮೊದಲಿಗರು ಎಂದ. ಎಡ್ಮಂಡ್ಸ್ ಆ ಮಾತನ್ನು ಅಲ್ಲಿಗೆ ಬಿಡಲಿಲ್ಲ. ಮನೆಗೆ ಹೋಗಿ ಹೆಂಡತಿಗೆ ಹೇಳಿದರು, ಭಾನುವಾರಗಳಂದು ವಿದೇಶಿ ವಿದ್ಯಾರ್ಥಿಗಳನ್ನು ಮನೆಗೆ ಕರೆಯಲು ಶುರುಮಾಡಿದರು. ಅದು ಬೆಳೆದು, ಜಾನ್ ಡಿ. ರಾಕ್‌ಫೆಲರ್ ಜೂನಿಯರ್ ಹಣ ಹಾಕಿ, 1924ರಲ್ಲಿ ನ್ಯೂಯಾರ್ಕಿನ ರಿವರ್‌ಸೈಡ್ ಡ್ರೈವ್‌ನಲ್ಲಿ ಇಂಟರ್‌ನ್ಯಾಷನಲ್ ಹೌಸ್ ಎದ್ದಿತು. 1930ರಲ್ಲಿ ಬರ್ಕ್ಲಿಯಲ್ಲಿ, 1932ರಲ್ಲಿ ಶಿಕಾಗೊದಲ್ಲಿ ಅಂಥದೇ ಮನೆಗಳು ಬಂದವು. ಬರ್ಕ್ಲಿಯಲ್ಲಿ ಬೇರೆ ಬೇರೆ ಜನಾಂಗದವರು, ಹೆಣ್ಣು ಗಂಡು ಒಂದೇ ಸೂರಿನಡಿ ಇರುವುದನ್ನು ಸ್ಥಳೀಯರು ಬಲವಾಗಿ ವಿರೋಧಿಸಿದರು. ಎಡ್ಮಂಡ್ಸ್ ಹಿಂದೆ ಸರಿಯಲಿಲ್ಲ. ಕಟ್ಟಡ ಇವತ್ತಿಗೂ ಪೀಡ್‌ಮಾಂಟ್ ಅವೆನ್ಯೂದಲ್ಲಿ ನಿಂತಿದೆ.

ಮಿಶಿಗನ್ ವಿಶ್ವವಿದ್ಯಾಲಯದ ದಾರಿ ಬೇರೆ. ಲೆವಿ ಬಾರ್ಬರ್ ಎಂಬ ವಕೀಲರು ಏಷ್ಯಾದ ಹೆಣ್ಣುಮಕ್ಕಳಿಗಾಗಿಯೇ ಅಲ್ಲಿ ಒಂದು ವಿದ್ಯಾರ್ಥಿವೇತನ ಸ್ಥಾಪಿಸಿದರು. ಅದರ ಬಲದ ಮೇಲೆ ಹೋದವರಲ್ಲಿ ಸಸ್ಯಶಾಸ್ತ್ರಜ್ಞೆ ಇ. ಕೆ. ಜಾನಕಿ ಅಮ್ಮಾಳ್ ಒಬ್ಬರು. ಅಮೆರಿಕದಲ್ಲಿ ಇಳಿದಾಗ ಕಾಗದಪತ್ರ ಇತ್ಯರ್ಥವಾಗುವವರೆಗೆ ಅವರನ್ನು ಎಲ್ಲಿಸ್ ದ್ವೀಪದಲ್ಲಿ ತಡೆದಿರಿಸಿದ್ದರು. ಉದ್ದ ಕೂದಲು, ರೇಷ್ಮೆ ಉಡುಗೆ ನೋಡಿ ಯಾರೋ ಭಾರತದ ರಾಜಕುಮಾರಿಯೇ ಎಂದು ಕೇಳಿದರಂತೆ, ಅಮ್ಮಾಳ್ ಅಲ್ಲವೆನ್ನಲಿಲ್ಲ.

ನಂಜನಗೂಡಿನಲ್ಲಿ 1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿ ಅದೇ ಮಿಶಿಗನ್‌ಗೆ ಹೋದ ಕನ್ನಡತಿ. ಅವರ ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಪದವೀಧರೆಯರಲ್ಲಿ ಒಬ್ಬರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆಗೆ ಸೇರಿದ್ದ ಈ ಹೆಣ್ಣುಮಗಳು ಸರ್ಕಾರದ ವಿದ್ಯಾರ್ಥಿವೇತನ ಪಡೆದು 1947ರ ಜುಲೈನಲ್ಲಿ ಹೊರಟರು. ಮುಂದಿನ ತಿಂಗಳು ದೇಶ ಸ್ವತಂತ್ರವಾಯಿತು. ಅವರು ಹತ್ತಿದ್ದು ಎಸ್‌.ಎಸ್. ಮರೀನ್ ಆ್ಯಡರ್, ಎರಡನೇ ಮಹಾಯುದ್ಧದಲ್ಲಿ ಸೈನಿಕರನ್ನು ಸಾಗಿಸಿದ್ದ ಹಡಗು. ಮೂವತ್ತು ದಿನದ ಪ್ರಯಾಣ. ಮಿಶಿಗನ್ ವಿಶ್ವವಿದ್ಯಾಲಯವಿರುವ ಆ್ಯನ್ ಆರ್ಬರ್‌ನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಸ್ನಾತಕೋತ್ತರ ಪದವಿ, ವಾಷಿಂಗ್ಟನ್‌ನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಎಂಟು ತಿಂಗಳು ತರಬೇತಿ ಮುಗಿದ ಮೇಲೆ ಮುಂದೇನು ಎಂಬ ಹೊತ್ತಿಗೆ ಒದಗಿದ್ದು ಅದೇ ಬಾರ್ಬರ್ ವಿದ್ಯಾರ್ಥಿವೇತನ. ಪಿಎಚ್.ಡಿ. ಪಡೆದು 1953ರಲ್ಲಿ ಬೆಂಗಳೂರಿಗೆ ಮರಳಿ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು, ಮೈಕ್ರೋವೇವ್ ಎಂಜಿನಿಯರಿಂಗ್‌ನ ಸಂಶೋಧನೆಗೆ ಇಲ್ಲಿ ಬುನಾದಿ ಹಾಕಿದರು.

ಆ ದಿನಗಳ ಹಡಗು ಪ್ರಯಾಣ ದೀರ್ಘವಾಗಿತ್ತು, ಒಂಟಿಯಾಗಿತ್ತು, ಆದರೆ ಅದಕ್ಕೊಂದು ಗುಣವಿತ್ತು. ಪಶ್ಚಿಮಕ್ಕೆ ಹೋದಂತೆ ಹಡಗಿನ ಗಡಿಯಾರವನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ತಿರುಗಿಸುತ್ತಿದ್ದರು. ರಾಮಾನುಜನ್‌ಗೆ ಐದೂವರೆ ಗಂಟೆಯ ವ್ಯತ್ಯಾಸ ಹೊಂದಿಸಿಕೊಳ್ಳಲು ನಾಲ್ಕು ವಾರ ಸಿಕ್ಕಿತು. 2021ರ ಜನವರಿಯಲ್ಲಿ ಏರ್ ಇಂಡಿಯಾ ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಡುವೆ ನೇರ ವಿಮಾನ ಶುರುಮಾಡಿದಾಗ ನಾಲ್ವರು ಮಹಿಳಾ ಪೈಲಟ್‌ಗಳು ಉತ್ತರ ಧ್ರುವದ ಮೇಲೆ ಹಾರಿ ಸುಮಾರು 14,000 ಕಿಲೋಮೀಟರನ್ನು ಹದಿನೇಳು ಗಂಟೆಯ ಆಸುಪಾಸಿನಲ್ಲಿ ದಾಟಿದರು. ಇದು ಹೆಮ್ಮೆಯ ಸಾಧನೆಯೇ. ದೇಹದ ಗಡಿಯಾರ ಮಾತ್ರ ದಿನಕ್ಕೆ ಹೆಚ್ಚೂಕಡಿಮೆ ಒಂದು ಗಂಟೆಯಷ್ಟೇ ಸರಿಯಬಲ್ಲದು. ಕ್ಯಾಲಿಫೋರ್ನಿಯಾ ಬೇಸಿಗೆಯಲ್ಲಿ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಅಂದರೆ ವಾರ ಕಳೆದರೂ ವಿದ್ಯಾರ್ಥಿಗೆ ಮಟಮಟ ಮಧ್ಯಾಹ್ನ ಕಣ್ಣು ಮುಚ್ಚಿಕೊಳ್ಳುತ್ತದೆ, ನಡುರಾತ್ರಿ ಹಸಿವಾಗುತ್ತದೆ. ಮನೆ ಹುಡುಕುವುದು, ಬ್ಯಾಂಕ್ ಖಾತೆ ತೆರೆಯುವುದು, ಕೋರ್ಸ್ ಆಯ್ದುಕೊಳ್ಳುವುದು ಎಲ್ಲ ಬರುವುದು ಇದೇ ವಾರದಲ್ಲಿ.

ಮೊದಲ ದಿನದ ಮೊದಲ ಗಂಟೆ ವಲಸೆ ಅಧಿಕಾರಿಯ ಮುಂದೆ ಕಳೆಯುತ್ತದೆ. ಅಮೆರಿಕಕ್ಕೆ ಹೋಗುವ ಎಫ್-1 ವಿದ್ಯಾರ್ಥಿ ಕೋರ್ಸ್ ಶುರುವಾಗುವ 30 ದಿನಕ್ಕಿಂತ ಮೊದಲು ದೇಶದೊಳಗೆ ಬರುವಂತಿಲ್ಲ. ಕಾಲೇಜು ಕಳಿಸಿದ ಐ-20 ಪತ್ರ ಕೈಚೀಲದಲ್ಲೇ ಇರಬೇಕು. ಸೂಟ್‌ಕೇಸಿನೊಳಗೆ ಇಟ್ಟವರು ಪರದಾಡುತ್ತಾರೆ, ಸಾಮಾನು ಕೈಗೆ ಸಿಗುವುದು ತಪಾಸಣೆ ಮುಗಿದ ಮೇಲೆ. ಅಬುಧಾಬಿ ಮೂಲಕ ಹೋಗುವವರಿಗೆ ಈ ತಪಾಸಣೆ ಅಬುಧಾಬಿಯಲ್ಲೇ ಮುಗಿಯುತ್ತದೆ. ವೀಸಾ ಇದ್ದ ಮಾತ್ರಕ್ಕೆ ಪ್ರವೇಶ ಖಚಿತವಲ್ಲ, ಬಾಗಿಲಲ್ಲಿ ಕೂತ ಅಧಿಕಾರಿಯದೇ ಕೊನೆಯ ಮಾತು. ಇದು ತಿಳಿದಿದ್ದರೆ ಆ ಎರಡು ನಿಮಿಷದ ಪ್ರಶ್ನೋತ್ತರಕ್ಕೆ ಹುಡುಗರು ಇನ್ನಷ್ಟು ತಯಾರಾಗಿ ಹೋಗುತ್ತಾರೆ.

ಆಮೇಲೆ ಸುಂಕದವರು. ನಮ್ಮ ಅಮ್ಮಂದಿರು ಪ್ರೀತಿಯಿಂದ ಕಟ್ಟಿಕೊಡುವ ಹಸಿ ಕರಿಬೇವಿಗೆ ಅಮೆರಿಕದಲ್ಲಿ ನಿಷೇಧವಿದೆ. ಕರಿಬೇವು ಕಿತ್ತಳೆ, ನಿಂಬೆಯ ಕುಟುಂಬಕ್ಕೇ ಸೇರಿದ ಗಿಡ. ಅದರ ಎಲೆಯ ಮೇಲೆ ಬದುಕುವ ಒಂದು ಪುಟ್ಟ ಕೀಟ ಕಿತ್ತಳೆ ಮರಗಳಿಗೆ ಸಿಟ್ರಸ್ ಗ್ರೀನಿಂಗ್ ಎಂಬ ರೋಗ ಹರಡುತ್ತದೆ. ಫ್ಲಾರಿಡಾದ ಕಿತ್ತಳೆ ತೋಟಗಳನ್ನು ಈ ರೋಗ ಹಾಳುಗೆಡವಿದೆ. ಹಾಗಾಗಿ ಒಂದು ಹಿಡಿ ಸೊಪ್ಪಿಗೂ ಅಲ್ಲಿ ರಿಯಾಯಿತಿ ಇಲ್ಲ. ಗಸಗಸೆಯದು ಇನ್ನೂ ಗಂಭೀರ. ಯುಎಇಯಲ್ಲಿ ಅದು ಮಾದಕವಸ್ತುವಿನ ಕಾನೂನಿನಡಿ ಬರುತ್ತದೆ, ಕೊಲ್ಲಿಯ ದಾರಿಯಾಗಿ ಹೋಗುವವರು ಪಾಯಸದ ಆಸೆ ಬಿಡುವುದೇ ಸರಿ. ಮಿಕ್ಸಿ ಹೊತ್ತು ಹೋಗುವವರೂ ಇದ್ದಾರೆ. ನಮ್ಮದು 230 ವೋಲ್ಟ್, ಅಮೆರಿಕದಲ್ಲಿ 120. ಊರಿನ ಮಿಕ್ಸಿ ಅಲ್ಲಿ ಚಟ್ನಿ ರುಬ್ಬುವುದಿಲ್ಲ.

ಜರ್ಮನಿಯ ಮೊದಲ ದಿನ ಬೇರೆಯೇ ಬಗೆಯದು. ಅಲ್ಲಿಗೆ ಹೋಗುವವರು ಈಗ ನಮ್ಮಲ್ಲಿ ಬಹಳ. ಹಣಕಾಸಿನ ಖಾತರಿಗೆ ವರ್ಷಕ್ಕೆ 11,904 ಯೂರೊ ಬ್ಲಾಕ್ಡ್ ಅಕೌಂಟ್‌ನಲ್ಲಿ ಇಡಬೇಕೆಂಬುದು 2024ರಿಂದ ಬಂದ ಲೆಕ್ಕ, ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಭಾನುವಾರ. ರೈಲು ನಿಲ್ದಾಣ, ಪೆಟ್ರೋಲ್ ಬಂಕ್‌ನಂಥ ಕೆಲವನ್ನು ಬಿಟ್ಟರೆ ಅಂಗಡಿಗಳು ಕಾನೂನಿನ ಪ್ರಕಾರವೇ ಮುಚ್ಚಿರುತ್ತವೆ. ಶನಿವಾರ ರಾತ್ರಿ ಇಳಿದ ವಿದ್ಯಾರ್ಥಿ ಬರಿಗೈಯಲ್ಲಿ ಕೋಣೆ ಸೇರಿದರೆ ಸೋಮವಾರ ಬೆಳಿಗ್ಗೆಯವರೆಗೆ ಹಾಲು, ಅಕ್ಕಿ ಎರಡಕ್ಕೂ ಪರದಾಟ. ಮನೆಗೆ ಬಂದ ಎರಡು ವಾರದೊಳಗೆ ಪಾಲಿಕೆ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಕೊಟ್ಟವರ ಲಿಖಿತ ದೃಢೀಕರಣ ಬೇಕು. ಗೆಳೆಯನ ಕೋಣೆಯ ನೆಲದ ಮೇಲೆ ಮಲಗಿದವನಿಗೆ ಆ ಕಾಗದ ಯಾರು ಕೊಡುತ್ತಾರೆ? ಇನ್ನೊಂದು ಸೂಕ್ಷ್ಮ: ಅಲ್ಲಿ ಅಂಚೆಯವರು ಕಾಗದ ಹಾಕುವುದು ಟಪಾಲು ಪೆಟ್ಟಿಗೆಯ ಮೇಲಿನ ಹೆಸರು ನೋಡಿ. ಪೆಟ್ಟಿಗೆಗೆ ತನ್ನ ಹೆಸರು ಅಂಟಿಸದಿದ್ದರೆ ಬ್ಯಾಂಕ್ ಕಾರ್ಡು, ತೆರಿಗೆ ಸಂಖ್ಯೆ, ವಿಮೆಯ ಪತ್ರ ಎಲ್ಲವೂ ಬಂದ ದಾರಿಗೇ ಹಿಂದಿರುಗುತ್ತವೆ. ರಾಮಾನುಜನ್ ಅವರ ಕಂಬಳಿಗೂ ಈ ಹೆಸರಿನ ಚೀಟಿಗೂ ವ್ಯತ್ಯಾಸವೇನೂ ಇಲ್ಲ. ಒಬ್ಬರು ತೋರಿಸಿಕೊಟ್ಟರೆ ಒಂದು ನಿಮಿಷದ ಕೆಲಸ.

ಹೀಗೆ ತೋರಿಸಿಕೊಡುವ ಮಹಾಲನೋಬಿಸರು ಈಗಲೂ ಇದ್ದಾರೆ. 2023-24ರಲ್ಲಿ ಅಮೆರಿಕದಲ್ಲಿ 3,31,602 ಭಾರತೀಯ ವಿದ್ಯಾರ್ಥಿಗಳಿದ್ದರು, ಆ ವರ್ಷ ಬೇರೆ ಯಾವ ದೇಶದವರೂ ಇಷ್ಟು ಮಂದಿ ಇರಲಿಲ್ಲ. ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ಭಾರತೀಯ ವಿದ್ಯಾರ್ಥಿ ಸಂಘಗಳು ಆಗಸ್ಟ್ ಬಂತೆಂದರೆ ಒಂದು ಪಟ್ಟಿ ಮಾಡುತ್ತವೆ: ಯಾರು ಯಾವ ವಿಮಾನದಲ್ಲಿ, ಎಷ್ಟು ಗಂಟೆಗೆ, ಎಷ್ಟು ಪೆಟ್ಟಿಗೆ. ಹಿರಿಯ ವಿದ್ಯಾರ್ಥಿಗಳು ಹಳೇ ಕಾರು ತೆಗೆದುಕೊಂಡು ಸರದಿಯಂತೆ ವಿಮಾನ ನಿಲ್ದಾಣಕ್ಕೆ ಹೋಗುತ್ತಾರೆ, ಮನೆ ಸಿಗುವವರೆಗೆ ತಮ್ಮ ಹಾಲ್‌ನಲ್ಲಿ ಮಲಗಿಸಿಕೊಳ್ಳುತ್ತಾರೆ. ಕನ್ನಡ ಕೂಟಗಳು ಇರುವ ಊರುಗಳಲ್ಲಿ ಗಣೇಶನ ಹಬ್ಬಕ್ಕೆ, ರಾಜ್ಯೋತ್ಸವಕ್ಕೆ ಊಟದ ಕರೆ ಬರುತ್ತದೆ. ಇದಕ್ಕೆ ಸಂಬಳವಿಲ್ಲ, ಪ್ರಮಾಣಪತ್ರವಿಲ್ಲ. ಪರೀಕ್ಷೆ, ಅರೆಕಾಲಿಕ ಕೆಲಸ, ಸಾಲದ ಕಂತಿನ ನಡುವೆ ಇಪ್ಪತ್ಮೂರು ವರ್ಷದ ಹುಡುಗ ಹುಡುಗಿಯರು ಇದನ್ನು ಮಾಡುತ್ತಾರೆ. ಮಕ್ಕಳನ್ನು ಕಳಿಸುವ ಮನೆಯವರು ಕನ್ಸಲ್ಟೆನ್ಸಿಗೆ ಹಣ ಕಟ್ಟುವ ಮುಂಚೆ ವಿಚಾರಿಸಬೇಕಾದ್ದು ಇಂಥ ಒಂದು ಸಂಘ ಅಲ್ಲಿದೆಯೇ ಎಂದು. ವಿಶ್ವವಿದ್ಯಾಲಯದ ಶ್ರೇಯಾಂಕ ಎರಡು ಮೆಟ್ಟಿಲು ಮೇಲೆ ಕೆಳಗಾದರೆ ಆಗುವ ನಷ್ಟಕ್ಕಿಂತ, ಮೊದಲ ತಿಂಗಳು ಮಾತಾಡಿಸುವವರಿಲ್ಲದೆ ಕುಗ್ಗಿಹೋದರೆ ಆಗುವ ನಷ್ಟ ದೊಡ್ಡದು.

ಈ ವಿಷಯಕ್ಕೆ ಇನ್ನೊಂದು ಮಗ್ಗುಲಿದೆ, ಅದನ್ನು ನಾವು ನೋಡುವುದೇ ಇಲ್ಲ. ಕರ್ನಾಟಕವೂ ಒಂದು ಆಚೆ ದಡ. ಬೆಂಗಳೂರು, ಮೈಸೂರು, ಮಣಿಪಾಲ, ಮಂಗಳೂರುಗಳಿಗೆ ಆಫ್ರಿಕ, ಪಶ್ಚಿಮ ಏಷ್ಯ, ನೇಪಾಳ, ಭೂತಾನಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. ಅವರ ಅಮ್ಮಂದಿರೂ ಪೊಟ್ಟಣ ಕಟ್ಟಿಕೊಟ್ಟಿರುತ್ತಾರೆ. 2016ರ ಜನವರಿ ಕೊನೆಗೆ ಬೆಂಗಳೂರಿನ ಹೊರವಲಯದಲ್ಲಿ ಯಾರೋ ಮಾಡಿದ ಅಪಘಾತದ ಸಿಟ್ಟನ್ನು ಅದಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯದ ವಿದ್ಯಾರ್ಥಿನಿಯ ಮೇಲೆ ಜನರ ಗುಂಪು ತೀರಿಸಿಕೊಂಡಿತು. ಆ ದಿನ ಇಡೀ ಊರು ತಲೆತಗ್ಗಿಸಬೇಕಾಯಿತು. ಬೇರೆ ದೇಶದಲ್ಲಿ ನಮ್ಮ ಹುಡುಗನಿಗೆ ಮನೆ ಕೊಡಲಿಲ್ಲವೆಂದು ನೊಂದುಕೊಳ್ಳುವ ನಾವು, ಇಲ್ಲಿ ಕಾಂಗೋದ ಹುಡುಗ ಬಾಡಿಗೆ ಮನೆ ಕೇಳಿಕೊಂಡು ಬಂದಾಗ ಏನು ಉತ್ತರ ಕೊಡುತ್ತೇವೆ ಎಂಬುದನ್ನೂ ಯೋಚಿಸಬೇಕು.

ಮನೆ ಮಾಲೀಕರು ಹಿಂದೇಟು ಹಾಕುವುದಕ್ಕೆ ಕಾನೂನಿನ ಭಯವೂ ಒಂದು ಕಾರಣ. 180 ದಿನಕ್ಕಿಂತ ಹೆಚ್ಚಿನ ವೀಸಾದ ಮೇಲೆ ಬಂದ ವಿದ್ಯಾರ್ಥಿ 14 ದಿನದೊಳಗೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕು. ಮನೆ ಕೊಟ್ಟವರು ವಿದ್ಯಾರ್ಥಿ ಬಂದ 24 ಗಂಟೆಯೊಳಗೆ ಅವರ ಮಾಹಿತಿಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಇದು ಹತ್ತು ನಿಮಿಷದ ಕೆಲಸ. ಆದರೆ ಪೊಲೀಸ್, ಪಾಸ್‌ಪೋರ್ಟ್ ಎಂಬ ಪದ ಕೇಳುತ್ತಿದ್ದಂತೆ ಯಲಹಂಕದ ಮನೆಯಾಕೆ ಇಲ್ಲ ಎಂದುಬಿಡುತ್ತಾರೆ. ವಿದೇಶಿ ವಿದ್ಯಾರ್ಥಿಗಳಿಂದ ಹೆಚ್ಚಿನ ಶುಲ್ಕ ಪಡೆಯುವ ಕಾಲೇಜುಗಳು ತಮ್ಮ ಸಿಬ್ಬಂದಿಯಲ್ಲಿ ಒಬ್ಬರನ್ನು ಈ ಕೆಲಸಕ್ಕೇ ಇಡಬಹುದು. ವಿದ್ಯಾರ್ಥಿ ಇಳಿಯುವ ಹೊತ್ತಿಗೆ ಅವರು ದೇವನಹಳ್ಳಿಗೆ ಹೋಗಲಿ, ಸಿಮ್ ಕಾರ್ಡ್ ಕೊಡಿಸಲಿ, ಮನೆ ಮಾಲೀಕರ ಜೊತೆ ಕೂತು ಆ ಅರ್ಜಿಯನ್ನು ತಾವೇ ತುಂಬಿಕೊಡಲಿ, ಬಿಎಂಟಿಸಿ ಬಸ್ಸಿನ ಮೇಲಿನ ಕನ್ನಡ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದು ಕೈಗಿಡಲಿ. ಮುಂದಿನ ಪ್ರವೇಶದ ಸುತ್ತು ಶುರುವಾಗುವ ಮುನ್ನ ಇಷ್ಟನ್ನು ಮಾಡಲು ಯಾವ ಹೊಸ ಆದೇಶಕ್ಕೂ ಕಾಯಬೇಕಾಗಿಲ್ಲ.